ಒತ್ತಿದವರು ಯಾರು

ಆಂಬುಲೆನ್ಸು ತೋಟದ ಬೇಲಿ ದಾಟಿ ಶಾಮಿಯಾನದ ಪಕ್ಕ ಬಂದು ನಿಲ್ಲುವ ಹೊತ್ತಿಗೆ ಬೀಗರು ಎದ್ದು ಕುರ್ಚಿಯಲ್ಲಿ ಕೂತಿದ್ದರು. ಅದೇ ದೊಡ್ಡ ಫಜೀತಿಯಾಯಿತು. ಉಸಿರು ಕಟ್ಟಿ ಒದ್ದಾಡುತ್ತಿದ್ದಾಗ ಬಂದಿದ್ದರೆ ದೇವರೇ ಬಂದ ಹಾಗಿರುತ್ತಿತ್ತು. ಈಗ ಬಾಡೂಟದ ನಡುವೆ, ಎಲೆ ಮುಂದೆ ಕೂತ ಅಷ್ಟೂ ಜನರೆದುರು, ದೀಪ ತಿರುಗಿಸುತ್ತ ನಿಂತ ಆ ಬಿಳಿ ವ್ಯಾನು ಅಪಶಕುನದಂತೆ ಕಂಡಿತು.

"ಯಾರ್ಲಾ ಫೋನ್ ಮಾಡಿದ್ದು?" ಎಂದು ಗಂಗಣ್ಣ ಹಲ್ಲು ಕಚ್ಚಿಕೊಂಡು ಕೇಳಿದ. ಯಾರೂ ಒಪ್ಪಿಕೊಳ್ಳಲಿಲ್ಲ.

ಗಂಗಣ್ಣ ಹೆಣ್ಣಿನ ಅಪ್ಪ. ಮಗಳು ನಯನಳ ಮದುವೆ ಮುಗಿದು ವಾರದೊಳಗೆ, ದಬ್ಬೇಘಟ್ಟದ ಹತ್ತಿರದ ತನ್ನ ತೆಂಗಿನ ತೋಟದಲ್ಲೇ ಬೀಗರ ಊಟ ಇಟ್ಟುಕೊಂಡಿದ್ದ. ಗಂಡಿನ ಕಡೆಯವರು ಹಂದನಕೆರೆಯಿಂದ ಬಸ್ಸು ಮಾಡಿಕೊಂಡು ಬಂದಿದ್ದರು. ಈಗ ಕುರ್ಚಿಯಲ್ಲಿ ಕೂತು ಶಾಲು ಹೊದ್ದು ಕೆಮ್ಮುತ್ತಿದ್ದವರು ಗಂಡಿನ ಅಪ್ಪ, ಸಣ್ಣತಿಮ್ಮಯ್ಯನವರು.

ಬೀಗರಿಗೆ ಬಡಿಸುವುದೆಂದರೆ ಒಂದು ಬಗೆಯ ಜಗಳ. ಅವರು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯಬೇಕು, ಇವರು ಆ ಕೈ ಸರಿಸಿ ಬಡಿಸಬೇಕು. "ಹಂದನಕೆರೆ ಗಂಡಸ್ರು ಇಷ್ಟಕ್ಕೇ ಸೋತ್ರಾ?" ಎಂದು ಹೆಣ್ಣಿನ ಕಡೆಯ ಹುಡುಗರು ಕೆಣಕಿದಾಗ ಸಣ್ಣತಿಮ್ಮಯ್ಯನವರು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡರು. ಮುದ್ದೆಯನ್ನು ಯಾರು ಅಗಿಯುತ್ತಾರೆ? ನುಂಗುವುದೇ. ಆ ತುತ್ತಿನ ಜೊತೆ ಒಂದು ಬಾಡಿನ ತುಂಡೂ ಹೊರಟಿತು. ಅದೇ ಗಳಿಗೆಯಲ್ಲಿ ಯಾರೋ ಇನ್ನೊಂದು ತಮಾಷೆ ಮಾಡಿದರು, ಅವರಿಗೆ ನಗು ಬಂತು. ಬಾಯಿ ತೆರೆಯಿತು, ಸದ್ದು ಮಾತ್ರ ಬರಲಿಲ್ಲ.

ಆಮೇಲೆ ತಮಗೆ ಗೊತ್ತಿದ್ದನ್ನೆಲ್ಲ ಎಲ್ಲರೂ ಮಾಡಿದರು. ಒಬ್ಬರು ನೆತ್ತಿ ತಟ್ಟಿದರು, ಒಬ್ಬರು ಬಾಯಿಗೆ ನೀರು ಹುಯ್ದರು, "ಇನ್ನೊಂದು ತುತ್ತು ನುಂಗ್ಸಿ, ತಳ್ಕಂಡು ಹೋಯ್ತದೆ" ಎಂದು ಒಬ್ಬರು ಮುದ್ದೆ ಮುರಿದರು. ಮದುಮಗ ಸುದೀಪ್ ಅಪ್ಪನ ಬೆನ್ನಿಗೆ ದಬದಬನೆ ಗುದ್ದಿದ. ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಕಣ್ಣು ಮೇಲೆ ಸಿಕ್ಕಿಕೊಂಡಿತು. ಸಾರಿನ ಬಕೆಟ್ಟು ಹಿಡಿದು ಪಂಕ್ತಿಯ ತುದಿಯಲ್ಲಿದ್ದ ನಯನ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿಬಂದಳು. ತಿಪಟೂರಿನ ಕಾಯಿಪುಡಿ ಕಾರ್ಖಾನೆಯಲ್ಲಿ ಅವಳು ಪ್ಯಾಕಿಂಗಿಗೆ ಹೋಗುತ್ತಿದ್ದಾಗ ಒಂದು ಸಲ ಇದನ್ನು ತೋರಿಸಿಕೊಟ್ಟಿದ್ದರು. ಹಿಂದಿನಿಂದ ತಬ್ಬಿ, ಹೊಕ್ಕುಳ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಜಗ್ಗಬೇಕು. ಅವತ್ತು ಹುಡುಗಿಯರೆಲ್ಲ ಒಬ್ಬರನ್ನೊಬ್ಬರು ತಬ್ಬಿಕೊಂಡು ನಕ್ಕಿದ್ದೇ ನಕ್ಕಿದ್ದು.

ಎದುರು ನಿಂತು ಇನ್ನೂ ಎರಡು ಮಾತಾಡದ ಮಾವನನ್ನು ಅವಳು ಹಿಂದಿನಿಂದ ತಬ್ಬಿದಳು. ಅವರದು ದೊಡ್ಡ ಮೈ, ಅವಳ ಕೈ ಕೂಡುವುದೇ ಕಷ್ಟವಾಯಿತು. ಮುಷ್ಟಿ ಜಾರಿ ಎಡಪಕ್ಕೆಗೆ ಹೋಗುತ್ತಿದೆ ಎಂದು ಗೊತ್ತಾಯಿತು, ಸರಿಮಾಡಿಕೊಳ್ಳಲು ಹೊತ್ತಿರಲಿಲ್ಲ. ಇದ್ದಬದ್ದ ಬಲವನ್ನೆಲ್ಲ ಹಾಕಿ ಜಗ್ಗಿದಳು. ಕೊನೆಯ ಸಲ ಅವಳ ಮಣಿಕಟ್ಟಿನ ಕೆಳಗೆ ಏನೋ ಲಟಕ್ ಎಂದಿತು. ಅದೇ ಕ್ಷಣ ತುಂಡು ಹಾರಿ ಎಲೆಯ ಮೇಲೆ ಬಿತ್ತು. ಮಾವ ಜೋರಾಗಿ ಉಸಿರೆಳೆದುಕೊಂಡರು. ನಯನ ಕೈಬಿಟ್ಟು ಅಡುಗೆ ಚಪ್ಪರದ ಹಿಂದಕ್ಕೆ ಓಡಿದಳು. ಕಂಡವರೆಲ್ಲ ಕಾಣದವರ ಹಾಗೆ ಮುಖ ತಿರುಗಿಸಿದರು.

ಚಪ್ಪರದ ಹಿಂದೆ ಅವಳ ದೊಡ್ಡಮ್ಮ ಕೆಂಚಮ್ಮ ಆಗಲೇ ಬಂದು ನಿಂತಿದ್ದಳು. ತಾಯಿಯಿಲ್ಲದ ಹುಡುಗಿಯನ್ನು ಸಾಕಿ ಧಾರೆಯೆರೆಸಿಕೊಟ್ಟವಳು ಅವಳೇ. "ನೀನು ಆಚೆ ಬರ್ಬ್ಯಾಡ. ಸುದೀಪ ಬೆನ್ನಿಗೆ ಗುದ್ದಿದ, ತುಂಡು ಬಿತ್ತು, ಅಷ್ಟೇಯ. ತಿಳೀತಾ?" ಎಂದಳು. "ಹೊಸ ಸೊಸೆ ಮಾವುನ್ನ ತಬ್ಕಂಡ್ಲು ಅಂತ ನಾಳೆ ಎರಡೂರಲ್ಲೂ ಆಡ್ಕತಾರೆ ಕಣೇ. ನೀನಲ್ಲಿ ಬಾಳಬೇಕು."

"ದೊಡ್ಡಮ್ಮಾ, ಏನೋ ಮುರುದಂಗಾಯ್ತು."

"ಬಾಯ್ಮುಚ್ಚು. ಏನೂ ಮುರಿದಿಲ್ಲ. ಅಲ್ನೋಡು, ಕುಂತ್ಕಂಡು ಮಾತಾಡ್ತಾವ್ರೆ."

ಹೌದು, ಮಾತಾಡುತ್ತಿದ್ದರು. ನಯನ ಚಪ್ಪರದ ಬಟ್ಟೆ ಸರಿಸಿ ನೋಡಿದಳು. ಮಣಿಕಟ್ಟಿನಲ್ಲಿ ಆ ಸದ್ದು ಇನ್ನೂ ಕೂತಿತ್ತು. ಕಿವಿಯಲ್ಲಿ ಕೇಳಿದ್ದಾದರೆ ಮರೆಯಬಹುದು, ಕೈಯಲ್ಲಿ ಕೇಳಿದ್ದನ್ನು ಏನು ಮಾಡುವುದು?

ವ್ಯಾನಿನಿಂದ ಇಳಿದವನು ನೀಲಿ ಅಂಗಿಯ ರಂಗರಾಜು. ಹೆಗಲಿಗೊಂದು ಚೀಲ. ಡ್ರೈವರು ಈರಣ್ಣ ಬಾಗಿಲ ಹತ್ತಿರವೇ ನಿಂತ. ರಂಗರಾಜು ಮೊದಲು ಮಾಡಿದ ಕೆಲಸವೆಂದರೆ ಬೀಗಿತ್ತಿ ಗಂಗಲಕ್ಷ್ಮಿ ಗಂಡನ ಬಾಯಿಯ ಹತ್ತಿರ ಹಿಡಿದಿದ್ದ ಮುದ್ದೆಯ ತುತ್ತನ್ನು ತಡೆದದ್ದು.

"ಏನೂ ಕೊಡ್ಬೇಡಿ ಅಮ್ಮಾ. ನೀರೂ ಬೇಡ."

"ಗಂಟ್ಲು ಕೆರೀತದೆ ಅಂತಾರೆ ಕಣಪ್ಪ. ಒಂದು ತುತ್ತು ಇಳುದ್ರೆ ಸಮಾಧಾನ."

"ಇಳಿಯೋ ದಾರಿ ಸರಿಯಾಗಿದ್ಯಾ ಅಂತ ನೋಡೋವರ್ಗೂ ಬೇಡ." ಅವನು ಕುರ್ಚಿಯ ಮುಂದೆ ಮಂಡಿಯೂರಿದ. "ಯಜಮಾನ್ರೇ, ಹೆಸ್ರು ಹೇಳಿ."

"ಸಣ್ಣತಿಮ್ಮಯ್ಯ." ಧ್ವನಿ ಒಡೆದಿತ್ತು. ರಂಗರಾಜುವಿಗೆ ಬೇಕಾದದ್ದು ಹೆಸರಲ್ಲ, ಧ್ವನಿ. ಇನ್ನೆರಡು ಮಾತು ಆಡಿಸಿದ. ಬೆರಳಿಗೆ ಒಂದು ಕ್ಲಿಪ್ಪು ಸಿಕ್ಕಿಸಿದ, ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದ, ಟಾರ್ಚು ಬಿಟ್ಟು ಗಂಟಲು ನೋಡಿದ. ಆಮೇಲೆ, ಬಿದ್ದ ತುಂಡು ಎಲ್ಲಿ ಎಂದು ಕೇಳಿದ. ಜನ ಮುಖ ಮುಖ ನೋಡಿಕೊಂಡರು. ಹುಚ್ಚನಾ ಇವನು? ಆದರೂ ಎಲೆ ತೋರಿಸಿದರು. ಅವನು ಆ ತುಂಡನ್ನು ಕಡ್ಡಿಯಿಂದ ತಿರುಗಿಸಿ, ಪೂರ್ತಿ ಬಂದಿದೆಯೋ ಮುರಿದು ಬಂದಿದೆಯೋ ಎಂದು ನೋಡಿದ. ಅಂಗಿಯ ಮೇಲಿನಿಂದಲೇ ಎದೆಯ ಎರಡೂ ಕಡೆ ಕೊಳವೆಯಿಟ್ಟು ಕಿವಿಗೊಟ್ಟು ಕೂತ.

"ಜೋರಾಗಿ ಉಸಿರು ತಗೊಳ್ಳಿ."

ಮಾವ ಉಸಿರೆಳೆದುಕೊಂಡರು. ಅರ್ಧಕ್ಕೇ ನಿಲ್ಲಿಸಿದರು. ಶಾಲಿನ ಒಳಗೆ ಅವರ ಬಲಗೈ ಎಡಪಕ್ಕೆಗೆ ಹೋದದ್ದು ನಯನಳಿಗೆ ಕಂಡಿತು.

"ನೋವಿದ್ಯಾ?"

"ವಾಯು ಅಷ್ಟೇ. ಹೊಟ್ಟೆ ತುಂಬ ಉಂಡಿದೀನಲ್ಲ. ನೀವೂ ಒಂದೆಲೆ ಉಂಡು ಹೋಗ್ರಪ್ಪ."

ಜನ ನಕ್ಕರು. ಗಂಗಣ್ಣನ ಮುಖಕ್ಕೆ ಕಳೆ ಬಂತು. ರಂಗರಾಜು ಮಾತ್ರ ನಗಲಿಲ್ಲ. "ಅಂಗಿ ಎತ್ತಿ ಹೊಟ್ಟೆ ನೋಡ್ಬೇಕಲ್ಲ ಯಜಮಾನ್ರೇ. ಎದ್ದು ವ್ಯಾನಿನ ಒಳಗೆ ಬನ್ನಿ."

"ಬ್ಯಾಡ ಬ್ಯಾಡ," ಎಂದು ಅವರು ಶಾಲನ್ನು ತೊಡೆಯ ಮೇಲೆ ಇನ್ನಷ್ಟು ಎಳೆದುಕೊಂಡರು. ಅವರು ಯಾಕೆ ಏಳುವುದಿಲ್ಲ ಎಂದು ನಯನಳಿಗೆ ಗೊತ್ತಿತ್ತು. ತಬ್ಬಿ ಹಿಡಿದಿದ್ದಾಗ ಅವರ ಪಂಚೆ ಒದ್ದೆಯಾದದ್ದು ಅವಳ ಸೀರೆಯ ನೆರಿಗೆಗೂ ತಾಗಿತ್ತು. ಊರಿನ ಪಂಚಾಯ್ತಿಯಲ್ಲಿ ನಡುಗಂಬದ ಪಕ್ಕ ಕೂರುವ ಮನುಷ್ಯ, ಬೀಗರ ಮನೆಯಲ್ಲಿ, ಹೆಣ್ಣು ಹೆಂಗಸರ ಮುಂದೆ ಹೇಗೆ ಎದ್ದಾರು? ಪ್ರಾಣ ಬಂದ ಮೇಲೆ ಮಾನದ ಯೋಚನೆ ಬರುವುದು ಸಹಜ.

"ಗಂಟ್ಲಲ್ಲಿ ಸಿಕ್ಕಿದ್ದು ಬಂತು ಅಂದ್ರೆ ಮುಗೀತು ಅಂತಲ್ಲ," ಎಂದ ರಂಗರಾಜು. "ಚೂರು ಪುಪ್ಪುಸಕ್ಕೆ ಹೋಗಿರ್ಬೋದು, ಗಂಟ್ಲು ಆಮೇಲೆ ಊದ್ಕೋಬೋದು. ಒಂದ್ಸಲ ಡಾಕ್ಟ್ರಿಗೆ ತೋರುಸ್ಬೇಕು." ಆಮೇಲೆ ಸುತ್ತ ನಿಂತವರನ್ನು ನೋಡಿ ಕೇಳಿದ: "ತುಂಡು ಹೆಂಗೆ ಬಂತು? ಬೆನ್ನಿಗೆ ಗುದ್ದಿದ್ರಾ, ಹೊಟ್ಟೆ ಒತ್ತಿದ್ರಾ?"

ಕೇಳಿಸಿಕೊಂಡವರು ತಮ್ಮ ತಮ್ಮ ಎಲೆಯ ಕಡೆ ಬಗ್ಗಿದರು.

"ಯಾಕೆ ಕೇಳ್ತೀನಿ ಅಂದ್ರೆ, ಒತ್ತಿದ್ರೆ ಬೇರೆ ಲೆಕ್ಕ. ಒಳಗೆ ಪೆಟ್ಟಾಗಿರ್ತದೆ. ಮೇಲ್ಗಡೆ ಕಾಣಲ್ಲ."

"ಒತ್ತಿಲ್ಲ ಕಣಪ್ಪ," ಎಂದಳು ಕೆಂಚಮ್ಮ. ಚಪ್ಪರದಿಂದ ಅಲ್ಲಿಗೆ ಯಾವಾಗ ಹೋದಳೋ. "ಮಗನೇ ಬೆನ್ನಿಗೆ ಗುದ್ದಿದ್ದು. ಎಲ್ಲಾ ನೋಡವ್ರೆ."

ಎಲ್ಲಾ ನೋಡಿದ್ದರು. ಎಲ್ಲಾ ಹೂಂ ಎಂದರು. ನಯನ ಸುದೀಪನ ಮುಖವನ್ನೇ ನೋಡಿದಳು. ಅವನೊಬ್ಬ ಹೇಳಿದರೆ ಸಾಕು, ಅವಳು ಹೇಳಬೇಕಾಗಿಲ್ಲ. ಅವನು ತಲೆ ಎತ್ತಿದ, ಚಪ್ಪರದ ಬಟ್ಟೆಯ ಸಂದಿಯಲ್ಲಿ ಅವಳ ಕಣ್ಣನ್ನು ಕಂಡ, ಮತ್ತೆ ನೆಲ ನೋಡಿದ. ಕೆಟ್ಟವನೇನಲ್ಲ. ಆದರೆ ಅಪ್ಪನನ್ನು ಉಳಿಸಿದ ಮಗ ಎಂದು ಬೆನ್ನು ತಟ್ಟಿಸಿಕೊಂಡು ಆಗಿತ್ತು. ಅದನ್ನು ಈಗ ಕಿತ್ತು ಕೊಡುವುದು ಹೇಗೆಂದು ಅವನಿಗೆ ತೋಚಲಿಲ್ಲ.

"ಸರಿ, ಬರಲ್ಲ ಅಂದ್ರೆ ಇಲ್ಲೊಂದು ಸೈನ್ ಹಾಕಿ," ಎಂದು ರಂಗರಾಜು ಕಾಗದ ತೆಗೆದ. "ಜ್ವರ ಬಂದ್ರೆ, ಉಸಿರು ಕಷ್ಟ ಆದ್ರೆ, ಹೊಟ್ಟೆ ನೋವು ಬಂದ್ರೆ ತಡ ಮಾಡ್ಬೇಡಿ, ಮತ್ತೆ ಫೋನ್ ಮಾಡಿ."

ನಯನಳ ಪಾಲಿಗೆ ಅತ್ತ ದರಿ, ಇತ್ತ ಪುಲಿ. ಹೇಳಿದರೆ ಮಾವನನ್ನು ತಬ್ಬಿದವಳು, ಪಕ್ಕೆ ಮುರಿದವಳು, ಕಾಲಿಟ್ಟ ವಾರಕ್ಕೇ ಮನೆಯ ಯಜಮಾನನನ್ನು ಆಂಬುಲೆನ್ಸ್ ಹತ್ತಿಸಿದವಳು. ಹೇಳದಿದ್ದರೆ? ರಾತ್ರಿ ಹಂದನಕೆರೆಯ ಮನೆಯಲ್ಲಿ ಅವರಿಗೇನಾದರೂ ಆದರೆ? ಆಗ ಕಾಲ್ಗುಣ ಎನ್ನುತ್ತಾರೆ. ಆ ಮಾತನ್ನಾದರೂ ಹೊತ್ತುಕೊಳ್ಳಬಹುದು, ಮಣಿಕಟ್ಟಿನ ಆ ಸದ್ದು ಮಾತ್ರ ಬಿಟ್ಟುಹೋಗುವುದಿಲ್ಲ. ಏನೂ ಆಗಿರಲಿಕ್ಕಿಲ್ಲ, ನನ್ನದೇ ಬಳೆ ಮುರಿದಿರಬೇಕು ಎಂದುಕೊಂಡು ಅವಳು ಬಳೆ ಎಣಿಸಿದಳು. ಹಸಿರು ಬಳೆಗಳೆಲ್ಲ ನೆಟ್ಟಗಿದ್ದವು.

ಮಾವ ಪೆನ್ನು ಹಿಡಿದುಕೊಂಡರು. ಹಿಡಿದವರು ಎಡಗೈಯನ್ನು ಒಮ್ಮೆ ಕೊಡವಿದರು. "ಈ ಭುಜ ಯಾಕೋ ಹಿಡ್ಕಂಡಂಗದೆ," ಎಂದು ಹೆಂಡತಿಗೆ ಮೆಲ್ಲಗೆ ಹೇಳಿದರು. ರಂಗರಾಜುವಿನ ಕೈ ಕಾಗದದ ಮೇಲೆ ನಿಂತಿತು. "ಎಡಭುಜಾನಾ?" ಎಂದು ಕೇಳಿದ. ಅವನ ಮುಖ ಬದಲಾದದ್ದನ್ನು ಬೇರೆ ಯಾರೂ ಗಮನಿಸಲಿಲ್ಲ, ನಯನ ಗಮನಿಸಿದಳು. ತಾನು ಯಾವಾಗ ಬಟ್ಟೆ ಸರಿಸಿ ಆಚೆ ಬಂದೆ ಎಂಬುದು ಅವಳಿಗೇ ತಿಳಿಯಲಿಲ್ಲ.

"ನಾನು ಒತ್ತಿದ್ದು," ಎಂದಳು.

ಕೆಂಚಮ್ಮ ಅವಳ ತೋಳು ಹಿಡಿದು ಚಿವುಟಿದಳು. "ಗಾಬ್ರೀಲಿ ಏನೇನೋ ಅಂತದೆ ಮಗ..."

"ಇಲ್ಲ ದೊಡ್ಡಮ್ಮ, ಬುಡು." ಅವಳು ರಂಗರಾಜುವನ್ನೇ ನೋಡಿ ಹೇಳಿದಳು. "ಹಿಂದಿಂದ ತಬ್ಬಿ ಒತ್ತಿದೆ ಸಾರ್. ನಾಕೈದು ಸಲ. ಮುಷ್ಟಿ ಎಡಕ್ಕೆ ಜಾರ್ತು. ಕೊನೇಗೆ ಪಕ್ಕೇಲಿ ಲಟಕ್ ಅಂತು. ಏನೋ ಮುರೀತು."

ಪಂಕ್ತಿಯ ಆಚೆಯಿಂದ ಗುಸುಗುಸು ಹೊರಟಿತು. ಗಂಗಣ್ಣ ತಲೆಯ ಮೇಲಿನ ಟವೆಲು ತೆಗೆದು ಮುಖ ಒರೆಸಿಕೊಂಡ. ಗಂಗಲಕ್ಷ್ಮಿ ಸೊಸೆಯನ್ನು ಮೇಲಿಂದ ಕೆಳಗೆ ನೋಡಿದರು. "ಮುರೀತು ಅಂತ ಗೊತ್ತಿದ್ದೂ ಇಷ್ಟೊತ್ತು ಸುಮ್ಕಿದ್ಯೇನೇ?" ಎಂದರು. ಆ ಒಂದು ಮಾತು ಉಳಿದೆಲ್ಲ ಮಾತಿಗಿಂತ ಹೆಚ್ಚು ಚುಚ್ಚಿತು. ಅದು ನಿಜವಾಗಿತ್ತು.

ರಂಗರಾಜುವಿಗೆ ಇದು ಯಾವುದೂ ಬೇಕಿರಲಿಲ್ಲ. ಕಾಗದ ಮಡಚಿ ಜೇಬಿಗೆ ಹಾಕಿದ. "ಈರಣ್ಣಾ, ಸ್ಟ್ರೆಚರ್!" ಎಂದು ಕೂಗಿದ. ಅಂಗಿಯ ಕೆಳಗೆ ಕೈ ಹಾಕಿ ಎಡಪಕ್ಕೆಯನ್ನು ಬೆರಳ ತುದಿಯಿಂದ ಮುಟ್ಟಿದ ಅಷ್ಟೇ, ಮಾವ "ಅಮ್ಮಾ" ಎಂದರು. ಮುಖದಲ್ಲಿ ಬೆವರು ಹರಳುಗಟ್ಟಿತ್ತು. ಗಂಗಲಕ್ಷ್ಮಿ ಗಂಡನ ಮುಂದೆ ಅಡ್ಡ ನಿಂತು, "ಏನ್ ನೋಡ್ತೀರ, ಅತ್ತ ತಿರುಗ್ರೀ ಎಲ್ರೂವೆ!" ಎಂದು ಗದರಿ, ಶಾಲನ್ನು ಬಿಡಿಸಿ ಅವರ ಸೊಂಟಕ್ಕೆ ಸುತ್ತಿ ಕಟ್ಟಿದರು.

"ಒತ್ತಿದೋರು ನನ್ನ ಜೊತೆ ಹಿಂದೆ ಹತ್ತಿ," ಎಂದ ರಂಗರಾಜು. "ಅಲ್ಲಿ ಡಾಕ್ಟ್ರು ಕೇಳ್ತಾರೆ."

ಗಂಗಲಕ್ಷ್ಮಿ ಮುಂದೆ ಈರಣ್ಣನ ಪಕ್ಕ ಕೂತರು. ಸುದೀಪ್ ಬೈಕಿನಲ್ಲಿ ಹಿಂದೆ ಬಂದ. ಸರ್ಜನ್ನು, ಸ್ಕ್ಯಾನು ಎರಡೂ ಬೇಕೆಂದು ರಂಗರಾಜು ಫೋನಿನಲ್ಲಿ ಮಾತಾಡಿ ನೇರ ತಿಪಟೂರಿಗೇ ಹೊರಡಿಸಿದ. ಮಾವನ ಮೂಗಿಗೆ ಬಾಯಿಗೆ ಮಾಸ್ಕು ಕಟ್ಟಿ, ಮುಂಗೈಯಲ್ಲಿ ನರ ಹುಡುಕಿ ಸೂಜಿ ಚುಚ್ಚಿ ಬಾಟಲಿ ನೇತುಹಾಕಿದ. ನಯನ ಬೆಂಚಿನ ತುದಿಯಲ್ಲಿ ಮುದುಡಿ ಕೂತಳು. ತೋಟದ ದಾರಿಯ ಒಂದೊಂದು ಕುಳಿಗೂ ಮಾವನ ಮುಖ ಹಿಂಡಿಕೊಳ್ಳುತ್ತಿತ್ತು. ಅವರು ಒಮ್ಮೆಯೂ ಅವಳ ಕಡೆ ನೋಡಲಿಲ್ಲ. ಕಣ್ಣು ವ್ಯಾನಿನ ಮೇಲ್ಛಾವಣಿಯಲ್ಲೇ ಇತ್ತು.

"ಒಳಗೆ ಏನಾಗಿದೆ ಸಾರ್?" ಎಂದು ಅವಳು ಕೇಳಿದಳು.

"ಪಕ್ಕೆಯೆಲುಬು ಮುರಿದಿರ್ಬೋದು. ಅದೊಂದೇ ಆಗಿದ್ರೆ ಚಿಂತೆಯಿಲ್ಲ. ಒಳಗೆ ರಕ್ತ ಸೋರ್ತಿದ್ರೂ ಎಡಭುಜ ಹಂಗೆ ಹಿಡ್ಕೊಳ್ತದೆ, ಅದೇ ಭಯ." ಅವನು ಮತ್ತೆ ಬಿ.ಪಿ. ಪಟ್ಟಿಗೆ ಗಾಳಿ ಹಾಕಿದ, ಕಿವಿಗೊಟ್ಟ, ಇನ್ನೊಂದು ಸಲ ಹಾಕಿದ. ಒಮ್ಮೆ ನೋಡಿದ್ದನ್ನು ಮತ್ತೆ ನೋಡುವವನ ಮುಖ ಹೇಗಿರುತ್ತದೆಂದು ನಯನ ಅವತ್ತೇ ಕಂಡದ್ದು. ಅವನು ಮುಂದಿನ ಕಿಟಕಿಗೆ ಬಾಗಿ ಈರಣ್ಣನಿಗೆ ಏನೋ ಹೇಳಿದ. ಅಲ್ಲಿಯವರೆಗೆ ಸುಮ್ಮನಿದ್ದ ಸೈರನ್ನು ಕೂಗತೊಡಗಿತು.

"ಸಾರ್, ನಾನು ಒತ್ತಬಾರದಿತ್ತಾ?"

ರಂಗರಾಜು ಉತ್ತರ ಕೊಡುವ ಮೊದಲು ಮಾವನ ನಾಡಿ ಹಿಡಿದು ನೋಡಿದ. "ನೀವು ಒತ್ತದೇ ಇದ್ದಿದ್ರೆ ನಾನು ಬರೋ ಹೊತ್ಗೆ ಇವರು ಇರ್ತಿರ್ಲಿಲ್ಲ," ಎಂದ. "ಹೇಳದೇ ಇದ್ದಿದ್ರೆ ಸೈನ್ ಹಾಕ್ಸ್ಕೊಂಡು ಹೋಗ್ತಿದ್ದೆ. ಈಗ ಇವರ ಜೊತೆ ಮಾತಾಡ್ತಾ ಇರಿ. ಕಣ್ಣು ಮುಚ್ಚೋಕೆ ಬಿಡ್ಬೇಡಿ."

ಮಾತಾಡುವುದೇ? ಏನು ಮಾತಾಡುವುದು? ಮಾವನ ಜೊತೆ ಆಡುವ ಮಾತು ಯಾವುದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. "ಮಾವ," ಎಂದಳು. ಅವರ ರೆಪ್ಪೆ ಅಲುಗಿತು. "ಮಾವ, ನಿಮ್ಮ ತೋಟದಲ್ಲಿ ಕಾಯಿ ಕೀಳ್ಸೋದು ಯಾವಾಗ?" ಎಂದಳು. ಆ ಹೊತ್ತಿನಲ್ಲಿ ಕೇಳುವ ಮಾತಾ ಅದು? ಆದರೆ ಅವರು ಮಾಸ್ಕಿನೊಳಗೆ ಏನೋ ಗೊಣಗಿದರು. ಅವಳು ಅದನ್ನೇ ಹಿಡಿದುಕೊಂಡು, ಎಷ್ಟು ಮರ, ಎಷ್ಟು ಸಸಿ, ಬೋರಿನಲ್ಲಿ ನೀರು ಹೇಗಿದೆ, ನುಸಿರೋಗ ಹತ್ತಿದೆಯಾ ಎಂದು ಬಾಯಿಗೆ ಬಂದದ್ದನ್ನೆಲ್ಲ ಕೇಳುತ್ತ ಹೋದಳು. ಅವರ ಉತ್ತರ ನಿಧಾನವಾಗುತ್ತ ಬಂತು. ಕೊನೆಕೊನೆಗೆ ಬರಿಯ ಹೂಂ, ಆಮೇಲೆ ಅದೂ ಇಲ್ಲ. ಅವಳು ಹೆದರಿ ಅವರ ಕೈ ಹಿಡಿದು ಅಲ್ಲಾಡಿಸಿದಳು. ಕೈ ತಣ್ಣಗಿತ್ತು. "ಮಾವಾ!" ಎಂದು ಕೂಗಿಕೊಂಡಳು. ಕಣ್ಣು ಮತ್ತೆ ತೆರೆಯಿತು.

ಆಸ್ಪತ್ರೆಯ ಬಾಗಿಲಲ್ಲಿ ಗಾಲಿಮಂಚ ಕಾದಿತ್ತು. ರಂಗರಾಜು ಅದರ ಜೊತೆಗೇ ಓಡುತ್ತ, ಸಣ್ಣ ವಯಸ್ಸಿನ ಡಾಕ್ಟರಮ್ಮನಿಗೆ ನಾಡಿ, ಬಿ.ಪಿ., ಭುಜದ ನೋವು ಎಲ್ಲವನ್ನೂ ಒಪ್ಪಿಸಿದ. "ಉಸಿರು ಕಟ್ಟಿದಾಗ ಏನು ಮಾಡಿದ್ರಿ? ಯಾರು ಮಾಡಿದ್ದು?" ಎಂದು ಡಾಕ್ಟರಮ್ಮ ಮನೆಯವರ ಕಡೆ ತಿರುಗಿದರು.

ಅಷ್ಟರಲ್ಲಿ ಸುದೀಪನೂ ಬಂದಿದ್ದ. ಸುತ್ತಲೂ ಬೇರೆ ಬೇರೆ ಊರಿನ ಜನ ನಿಂತು ನೋಡುತ್ತಿದ್ದರು, ಅವರಲ್ಲಿ ಹಂದನಕೆರೆಯ ಮುಖಗಳೂ ಒಂದೆರಡಿದ್ದವು. ಗಂಗಲಕ್ಷ್ಮಿಯ ಕಣ್ಣು ಆ ಮುಖಗಳ ಮೇಲೆ ಹೋಯಿತು. "ಮಗ ಬೆನ್ನಿಗೆ..." ಎಂದು ಬಾಯಿ ತೆರೆದರು. ಸುಳ್ಳು ಹೇಳಬೇಕೆಂದಲ್ಲ, ಬಾಯಿಗೆ ಅದೇ ಬಂತು. ನಯನ ಗಾಲಿಮಂಚದ ಅಂಚು ಹಿಡಿದು ನಿಂತಲ್ಲೇ ನಿಂತಳು. ಒಂದು ಸಲ ಹೇಳುವುದಕ್ಕೆ ಇದ್ದ ಧೈರ್ಯವೆಲ್ಲ ಆ ತೋಟದಲ್ಲೇ ಖರ್ಚಾಗಿಹೋಗಿತ್ತು.

ಮಾವ ಸೂಜಿ ಚುಚ್ಚಿದ ಕೈ ಎತ್ತಿದರು. ಮಾಸ್ಕನ್ನು ಗದ್ದಕ್ಕೆ ಎಳೆದುಕೊಂಡರು.

"ಅವನಲ್ಲ," ಎಂದರು. ಉಸಿರು ಸಾಲದೆ ನಿಲ್ಲಿಸಿ ಮತ್ತೆ ಹೇಳಿದರು. "ನನ್ನ ಸೊಸೆ. ಹಿಂದಿಂದ ತಬ್ಕಂಡು ಒತ್ತಿದ್ಲು. ಬಲವಾಗೇ ಒತ್ತಿದ್ಲು. ಅದನ್ನ ಬರ್ಕಳಿ."

ಡಾಕ್ಟರಮ್ಮ ತಲೆಯಾಡಿಸಿದರು. ಮಾಸ್ಕನ್ನು ಸರಿಮಾಡಿ, "ಬೇಗ" ಎಂದರು. ಗಾಲಿಮಂಚ ಹೊರಟಿತು. ನಯನ ಅದರ ಪಕ್ಕದಲ್ಲೇ ಓಡಿದಳು, ಗಂಗಲಕ್ಷ್ಮಿ ಅವಳ ಸೆರಗು ಹಿಡಿದುಕೊಂಡು ಹಿಂದೆ ಓಡಿದರು. ಒಳಬಾಗಿಲಲ್ಲಿ ನರ್ಸು ಕೈ ಅಡ್ಡ ಹಿಡಿದು ಇಬ್ಬರನ್ನೂ ನಿಲ್ಲಿಸಿದಳು.

ಬಾಗಿಲ ಗಾಜಿನಲ್ಲಿ ಕಂಡದ್ದು ಇಷ್ಟೇ: ಹಸಿರು ಹೊದಿಕೆಯಿಂದ ಆಚೆಗೆ ಚಾಚಿದ್ದ ಒಂದು ಪಾದ, ಬಿರಿದ ಹಿಮ್ಮಡಿ, ಹೆಬ್ಬೆರಳು. ಅತ್ತೆ ಸೊಸೆ ಇಬ್ಬರೂ ಗಾಜಿಗೆ ಹಣೆ ಹಚ್ಚಿ, ಆ ಹೆಬ್ಬೆರಳು ಅಲುಗುತ್ತದೆಯೇ ಎಂದು ನೋಡುತ್ತ ನಿಂತರು.